ನಾಲ್ಕು ಕಾಳು ಅಕ್ಕಿ

ಮೂರು ದಿನದ ತರಬೇತಿಯಿಂದ ನಾನು ತಂದದ್ದು
ಒಂದು ಕೈಪಿಡಿ, ಬರೆಯದ ಒಂದು ಪೆನ್ನು,
ಸುರುಳಿ ಸುತ್ತಿದ ಚಾರ್ಟು. ಅದರಲ್ಲಿ ಆರು ಹಳದಿ ಮುಖ.
ಒಂಬತ್ತನೇ ‘ಬಿ’ಯ ಗೋಡೆಗೆ, ಆವರ್ತ ಕೋಷ್ಟಕದ ಪಕ್ಕ,
ಅಂಟಿಸಿ ಕೇಳಿದೆ: ಇವತ್ತು ನೀವು ಯಾವ ಮುಖ?

ನಲವತ್ತೊಂದು ಮಕ್ಕಳು. ಫ್ಯಾನಿನ ಕಿರಿಕಿರಿ.
ಕಿಟಕಿಯಿಂದ ಭಟ್ಟಿಗಳ ಹೊಗೆ, ಹೊಟ್ಟು ಉರಿದ ವಾಸನೆ;
ದಾವಣಗೆರೆಯ ಈ ಮಗ್ಗುಲಲ್ಲಿ ಗಾಳಿ ಬಂದರೂ ಹೀಗೇ ಬರುತ್ತದೆ.
‘ಆರನೇದು ಪಿ.ಟಿ. ಮಾಸ್ತರು ರೀ’ ಅಂದ ಕರಿಬಸವ.
ನಗು ಅಡಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿದೆ.
‘ಏನಿಲ್ರಿ ಮೇಡಂ.’
‘ಏನಿಲ್ರಿ.’
ಒತ್ತಿ ಕೇಳಿದರೆ, ‘ಬ್ಯಾಸ್ರ.’

ಬ್ಯಾಸ್ರ.
ಕಬಡ್ಡಿ ತಂಡದಲ್ಲಿ ಹೆಸರು ಬಿಟ್ಟುಹೋದದ್ದು ಬ್ಯಾಸ್ರ,
ಅಕ್ಕ ಮದುವೆಯಾಗಿ ಹರಪನಹಳ್ಳಿಗೆ ಹೋದದ್ದು ಬ್ಯಾಸ್ರ,
ಜೊತೆಗಾರ ಏನೂ ಹೇಳದೆ ಹಿಂದಿನ ಬೆಂಚಿಗೆ ಎದ್ದುಹೋದದ್ದೂ
ಭಾನುವಾರದ ಸಂಜೆಯೂ ಬ್ಯಾಸ್ರವೇ.
ಜೋಳ, ಮೊಳೆ, ಒದ್ದೆ ಬಟ್ಟೆ, ಬೆಲ್ಲ
ಒಂದೇ ಚೀಲಕ್ಕೆ ತುಂಬಿ ಹೊಲಿದ ಹಾಗೆ.

ನಾನು ವಿಜ್ಞಾನದವಳು.
ನೂರಾ ಹದಿನೆಂಟು ಧಾತುಗಳ ಹೆಸರು ಗೊತ್ತು ನನಗೆ,
ಯಾವುದು ನೀರು ತಾಕಿದರೆ ಭಗ್ಗೆನ್ನುತ್ತದೆ,
ಯಾವುದು ಸುಮ್ಮನೆ ಗಾಳಿಯಲ್ಲಿ ಕೂತು ತುಕ್ಕು ಹಿಡಿಯುತ್ತದೆ.
ಮಿಶ್ರಣ ಬೇರ್ಪಡಿಸುವುದನ್ನು ಹದಿಮೂರು ವರ್ಷದಿಂದ ಕಲಿಸಿದ್ದೇನೆ:
ತೂರು, ಸೋಸು, ಕುದಿಸು, ತಿಳಿಯಾಗಲು ಬಿಡು.
ಈ ಬ್ಯಾಸ್ರವನ್ನು ಯಾವ ಸೋಸುಕಾಗದಕ್ಕೆ ಸುರಿಯಲಿ?

ಚಾರ್ಟು ಕಿತ್ತೆ. ಬೆನ್ನು ಮುಂದಾಗಿ ಹಾಕಿದೆ, ಖಾಲಿ ಬಿಳಿ.
ಮುಖ ಬೇಡ, ಅಂದೆ. ಅದು ಮೈಯಲ್ಲಿ ಎಲ್ಲಿರುತ್ತೆ, ಅಷ್ಟೇ ಹೇಳಿ.

‘ಗಂಟಲಾಗ ರೀ, ಮುದ್ದೆ ಸಿಕ್ಕಂಗ’ ಅಂದ ಓಬಳೇಶ.
‘ಕಿವಿ ಕಾಯ್ತಾವ.’
‘ಹೊಟ್ಟ್ಯಾಗ ಯಾರೋ ಬಟ್ಟೆ ಹಿಂಡಿದಂಗ. ನಮ್ಮಜ್ಜಿ ಅದಕ್ಕ ತಳಮಳ ಅಂತಾಳ.’
ಅಜ್ಜಿಯ ಮಾತು ಹೊರಬಿದ್ದದ್ದೇ ತಡ, ಎಲ್ಲರ ಅಜ್ಜಿಯರೂ ಬಂದರು
ಸೆರಗಿನ ಗಂಟು ಬಿಚ್ಚುತ್ತ: ಸಂಕಟ, ಮುನಿಸು, ಹಳಹಳಿ.
‘ಕಸಿವಿಸಿ’ಗೆ ಇಲಿ ಓಡಿದಂತಿದೆ ಎಂದು ನಕ್ಕರು.
ಒಬ್ಬಳು ‘ಅಳುಕು’ ಬರೆಯಲು ಹೋಗಿ ‘ಅಲುಕು’ ಅಂತ ಬರೆದಳು.
ತಿದ್ದಲಿಲ್ಲ. ಒಳಗೇನೋ ಅಲುಗಿದ್ದೂ ನಿಜವೇ ತಾನೆ.

ಕೊನೆಯ ಬೆಂಚಿನಿಂದ ಮುಬೀನಾ ಎದ್ದಳು, ಕೇಳದೆಯೇ.
ಜೂನಿನಿಂದ ಅವಳ ದನಿ ನಾನು ಕೇಳಿದ್ದು ಹಾಜರಿಯಲ್ಲಿ ಮಾತ್ರ.
‘ಭಟ್ಟ್ಯಾಗ ಮರಳು ಕಾದೈತೋ ಇಲ್ಲೋ
ನೋಡಿದ್ರೆ ತಿಳಿಯಲ್ಲ ಮೇಡಂ.
ತಣ್ಣಗಿದ್ದಾಗೂ ಅದೇ ಬಣ್ಣ, ಸುಡುವಾಗೂ ಅದೇ ಬಣ್ಣ.
ನಾಕು ಕಾಳು ಅಕ್ಕಿ ಹಾಕಿ ನೋಡ್ಬೇಕು.
ಅರಳಿದ್ರೆ ಕಾದೈತಿ ಅಂತ.’
ಕೂರುವವಳು ಕೂರಲಿಲ್ಲ.
‘ನಮ್ಮನ್ಯಾಗ ಯಾರೂ ಹಾಕಲ್ಲ.’

ಯಾಕೆ ಎಂದು ಕೇಳು ಅನ್ನುತ್ತದೆ ಕೈಪಿಡಿಯ ಹದಿನೇಳನೇ ಪುಟ.
ನಾನು ಕೇಳಲಿಲ್ಲ.
ನಲವತ್ತು ಜನ ಉಸಿರು ಹಿಡಿದು ಕೂತಿದ್ದರು,
ಕಾದ ಮರಳಿಗೆ ಒಮ್ಮೆಲೇ ಮೂಟೆ ಸುರಿಯಬಾರದು
ಅನ್ನುವುದು ಭಟ್ಟಿ ಕಾಣದ ನನಗೂ ಹೊಳೆಯಿತು.
ಊಟದ ಹೊತ್ತಿಗೆ ಲ್ಯಾಬಿನ ಬೀಗದ ಕೈ ತಂದುಕೊಡು ಅಂದೆ, ಅವಳಿಗೆ ಮಾತ್ರ.
ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು.
ಅದು ಅವಳಿಗೂ ಕಾಣುತ್ತಿತ್ತು.
‘ಹ್ಞೂಂ ರೀ’ ಅಂದಳು.

ಗಂಟೆಗೆ ಇನ್ನೆರಡು ನಿಮಿಷ. ಕರಿಬಸವ, ಅವನೇ:
‘ನಿಮಗ ಎಲ್ಲಿರ್ತತಿ ಮೇಡಂ?’
‘ನನಗಾ? ಏನಿಲ್ಲಪ್ಪ.’
ಇಡೀ ತರಗತಿ ಒಂದೇ ಬಾಯಲ್ಲಿ ಕೂಗಿತು,
ಏನಿಲ್ಲ ಅನ್ನಂಗಿಲ್ರಿ ಮೇಡಂ!

ನೋಡಿಕೊಂಡೆ. ಸೀಮೆಸುಣ್ಣ ಎರಡು ತುಂಡಾಗಿತ್ತು,
ಯಾವಾಗ ಮುರಿದೆನೋ.
‘ಹೆಬ್ಬೆರಳಲ್ಲಿ’ ಅಂದೆ.
ಯಾರೂ ನಗಲಿಲ್ಲ.
ಓಬಳೇಶ ಎದ್ದು ಹೋಗಿ ಅದನ್ನೂ ಬರೆದ,
ಮುದ್ದೆಯ ಕೆಳಗೆ, ಸ್ವಲ್ಪ ಸೊಟ್ಟಗೆ.